ಅಗಲಿದ ಗಾಯಕನ ಪಾಲು: ನ್ಯಾಸಾಪಹಾರವನ್ನು ಕುರಿತು ಒಂದು ವಿಚಾರ

ಹಲವರು ಕೂಡಿ ಕಟ್ಟಿದ ಕಾರ್ಯದಲ್ಲಿ ಒಬ್ಬನು ಕಾಲವಶನಾದರೆ ಉಳಿದವರ ಕರ್ತವ್ಯವೇನು ಎಂಬ ಪ್ರಶ್ನೆ ಅಂಗಡಿಗೂ ಉಂಟು, ಶಾಸ್ತ್ರರಚನೆಗೂ ಉಂಟು, ಕಲೆಗೂ ಉಂಟು. ಪಾಶ್ಚಾತ್ಯ ದೇಶಗಳ ರಾಕ್ ಸಂಗೀತ ತಂಡಗಳಲ್ಲಿ ಈ ಪ್ರಶ್ನೆ ಕಳೆದ ಐದು ದಶಕಗಳಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. ಮುಖ್ಯ ಗಾಯಕನು ತೀರಿಕೊಳ್ಳುತ್ತಾನೆ. ಜೊತೆಯ ವಾದಕರು ಉಳಿದಿರುತ್ತಾರೆ. ಅವರ ಕೈಯಲ್ಲಿ ಕಲೆಯಿದೆ, ಕೇಳಲು ಲಕ್ಷಾಂತರ ಜನರಿದ್ದಾರೆ. ಇನ್ನೊಬ್ಬ ಗಾಯಕನನ್ನು ನಿಲ್ಲಿಸಿಕೊಂಡು ಅದೇ ಹೆಸರಿನಲ್ಲಿ ಮತ್ತೆ ಕೂಡುವುದು ನ್ಯಾಯವೇ, ಅಲ್ಲವೇ? ಈ ಸಂಗೀತದ ರುಚಿ ಶ್ರಾವಕರಲ್ಲಿ ಹಲವರಿಗೆ ಇರಲಿಕ್ಕಿಲ್ಲ. ಆದರೆ ಪ್ರಶ್ನೆಯ ತಿರುಳು ಸಂಗೀತಕ್ಕಿಂತ ಹೆಚ್ಚಾಗಿ ಅಣುವ್ರತಗಳಿಗೆ ಸಂಬಂಧಿಸಿದ್ದು. ಆದುದರಿಂದ ಅದು ವಿಚಾರಾರ್ಹ.

ಈ ವಿಷಯದಲ್ಲಿ ಅತ್ಯಂತ ಬೋಧಪ್ರದವಾದ ಉದಾಹರಣೆ ಅಮೆರಿಕದ 'ದಿ ಡೋರ್ಸ್' ತಂಡದ್ದು. 1965ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ರೂಪುಗೊಂಡ ಈ ತಂಡದಲ್ಲಿ ಗಾಯಕ ಜಿಮ್ ಮಾರಿಸನ್, ಕೀಲಿಮಣೆ ವಾದಕ ರೇ ಮಂಜರೆಕ್, ಗಿಟಾರ್ ವಾದಕ ರಾಬಿ ಕ್ರೀಗರ್ ಮತ್ತು ಡ್ರಮ್ ವಾದಕ ಜಾನ್ ಡೆನ್ಸ್‌ಮೋರ್ ಎಂಬ ನಾಲ್ವರಿದ್ದರು. ಹೆಸರೂ ಕೀರ್ತಿಯೂ ಗಾಯಕನದೇ ದೊಡ್ಡದಾಗಿದ್ದರೂ ಗಳಿಕೆಯಲ್ಲಿ ನಾಲ್ವರಿಗೂ ಸಮಪಾಲು. ಆರಂಭದ ಧ್ವನಿಮುದ್ರಿಕೆಗಳಲ್ಲಿ ಹಾಡುಗಳ ಕರ್ತೃತ್ವವನ್ನು ಸಹ ವ್ಯಕ್ತಿಗಳಿಗೆ ಹಂಚದೆ ತಂಡದ ಹೆಸರಿನಲ್ಲೇ ಬರೆದರು. ತಂಡಕ್ಕೆ ಸಂಬಂಧಿಸಿದ ಯಾವ ನಿರ್ಧಾರಕ್ಕೂ ನಾಲ್ವರ ಸಮ್ಮತಿ ಬೇಕು. ಒಬ್ಬನು ಬೇಡವೆಂದರೆ ಬೇಡ. 1968ರಲ್ಲಿ ಮಾರಿಸನ್ ಊರಿನಲ್ಲಿಲ್ಲದಾಗ ಉಳಿದ ಮೂವರು ತಮ್ಮ ಪ್ರಸಿದ್ಧ ಹಾಡೊಂದನ್ನು ಬ್ಯೂಯಿಕ್ ಕಾರಿನ ಜಾಹೀರಾತಿಗೆ ಕೊಡಲು ಒಪ್ಪಿದ್ದರು. ಹಿಂದಿರುಗಿದ ಮಾರಿಸನ್ ಕೆರಳಿ ವಿರೋಧಿಸಿದನು, ಜಾಹೀರಾತು ಹೊರಬರಲಿಲ್ಲ. ತನ್ನ ಪಾಲಿನ ಬಗ್ಗೆ ಆತನ ಇಚ್ಛೆ ಏನೆಂಬುದು ಹೀಗೆ ಜೊತೆಗಾರರಿಗೆ ಅವನ ಜೀವಿತಕಾಲದಲ್ಲಿಯೇ ತಿಳಿದಿತ್ತು.

1971ರ ಜುಲೈ 3ರಂದು ಮಾರಿಸನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ವಯಸ್ಸು 27. ಉಳಿದ ಮೂವರು ಅದೇ ಹೆಸರಿನಲ್ಲಿ, ತಾವೇ ಹಾಡಿ, ಇನ್ನೆರಡು ಧ್ವನಿಮುದ್ರಿಕೆಗಳನ್ನು ಹೊರತಂದು, 1973ರಲ್ಲಿ ತಂಡವನ್ನು ವಿಸರ್ಜಿಸಿದರು. ಸುಮಾರು ಮೂವತ್ತು ವರ್ಷಗಳ ಬಳಿಕ, 2002ರಲ್ಲಿ, ಮಂಜರೆಕ್ ಮತ್ತು ಕ್ರೀಗರ್ ಇಂಗ್ಲೆಂಡಿನ ಗಾಯಕ ಇಯಾನ್ ಆಸ್ಟ್‌ಬರಿಯನ್ನು ಸೇರಿಸಿಕೊಂಡು 'ಇಪ್ಪತ್ತೊಂದನೆಯ ಶತಮಾನದ ಡೋರ್ಸ್' ಎಂಬರ್ಥದ ಹೆಸರಿನಲ್ಲಿ ಕಛೇರಿಗಳನ್ನು ಆರಂಭಿಸಿದರು. ಡೆನ್ಸ್‌ಮೋರ್ ಒಪ್ಪಲಿಲ್ಲ. 2003ರಲ್ಲಿ ಅವರು ಹಳೆಯ ಗೆಳೆಯರ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದರು. ಮಾರಿಸನ್‌ನ ಆಸ್ತಿಯ ವಾರಸುದಾರರೂ ಅದೇ ಪಕ್ಷವನ್ನು ಹಿಡಿದರು. 2005ರಲ್ಲಿ ಲಾಸ್ ಏಂಜಲಿಸ್ ನ್ಯಾಯಾಲಯವು, ಎಲ್ಲ ಪಾಲುದಾರರ ಸಮ್ಮತಿಯಿಲ್ಲದೆ ಆ ಹೆಸರನ್ನು ಬಳಸಕೂಡದೆಂದೂ ಆ ಹೆಸರಿನಿಂದ ಬಂದ ಲಾಭವನ್ನು ಮೂಲ ಪಾಲುದಾರಿಕೆಗೆ ಒಪ್ಪಿಸಬೇಕೆಂದೂ ತೀರ್ಪಿತ್ತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನ್ಯಾಯಾಲಯವು ಸಂಗೀತವನ್ನು ನಿಷೇಧಿಸಲಿಲ್ಲ. ಮಂಜರೆಕ್ ಮತ್ತು ಕ್ರೀಗರ್ ಬೇರೆ ಹೆಸರುಗಳಲ್ಲಿ, ಕೊನೆಗೆ ತಮ್ಮಿಬ್ಬರ ಹೆಸರುಗಳಲ್ಲಿಯೇ, ಅದೇ ಹಾಡುಗಳನ್ನು ಊರೂರುಗಳಲ್ಲಿ ನುಡಿಸಿದರು. ನಿಷಿದ್ಧವಾದುದು ಹೆಸರು ಮಾತ್ರ. ಹಾಗಾದರೆ ಒಂದು ಹೆಸರಿನಲ್ಲಿ ಅಡಗಿರುವುದೇನು?

ವ್ಯಾಪಾರಿಗಳಿಗೆ ಇದರ ಉತ್ತರ ಹೊಸದಲ್ಲ. ನಮ್ಮ ದೇಶದ 1932ರ ಪಾಲುದಾರಿಕೆ ಅಧಿನಿಯಮವು ಗುಡ್‌ವಿಲ್ ಎಂಬುದನ್ನು, ಎಂದರೆ ಹೆಸರಿನ ಮೇಲಿನ ವಿಶ್ವಾಸವನ್ನು, ಪಾಲುದಾರಿಕೆಯ ಆಸ್ತಿಯಲ್ಲಿ ಒಂದೆಂದು 14ನೆಯ ಕಲಮಿನಲ್ಲಿ ಎಣಿಸುತ್ತದೆ. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರನ ಮರಣದಿಂದ ಪಾಲುದಾರಿಕೆಯೇ ವಿಸರ್ಜನೆಯಾಗುತ್ತದೆ ಎಂದು 42ನೆಯ ಕಲಮು ಹೇಳುತ್ತದೆ. ವಿಸರ್ಜನೆಯ ಬಳಿಕ ಲೆಕ್ಕಪತ್ರಗಳು ಪೂರ್ಣವಾಗಿ ತೀರುವವರೆಗೆ, ಒಬ್ಬನು ಹಳೆಯ ಹೆಸರಿನಲ್ಲಿ ಅದೇ ವ್ಯಾಪಾರ ನಡೆಸುವುದನ್ನು ಇನ್ನೊಬ್ಬ ಪಾಲುದಾರನಾಗಲಿ ಮೃತನ ಪ್ರತಿನಿಧಿಯಾಗಲಿ ತಡೆಯಬಹುದು ಎಂಬುದು 53ನೆಯ ಕಲಮಿನ ತಾತ್ಪರ್ಯ. ಅಮೆರಿಕದ ನ್ಯಾಯಾಲಯ ತನ್ನ ದೇಶದ ಕಾನೂನನ್ನು ಅನುಸರಿಸಿತು. ಆದರೂ ಎರಡರ ಅಂತರಂಗ ಒಂದೇ. ಹೆಸರು ಅಢಾವೆ ಪತ್ರಿಕೆಯ ಆಸ್ತಿ. ಅದರಲ್ಲಿ ಸತ್ತವನಿಗೂ ಪಾಲುಂಟು.

ಕಾನೂನು ಇಲ್ಲಿಗೆ ನಿಲ್ಲುತ್ತದೆ. ವ್ರತವು ಇನ್ನೂ ಮುಂದೆ ಹೋಗುತ್ತದೆ. ಸತ್ಯಾಣುವ್ರತಕ್ಕೆ ನಮ್ಮ ಆಚಾರ್ಯರು ಹೇಳಿದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒಬ್ಬನು ಹಣವನ್ನೋ ಒಡವೆಯನ್ನೋ ನಂಬಿ ಇರಿಸಿ ಹೋಗಿದ್ದಾನೆ. ಕಾಲಾಂತರದಲ್ಲಿ ಬಂದವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳುತ್ತಾನೆ. ಆಗ 'ಹೌದು, ಅಷ್ಟೇ' ಎಂದು ಕೇಳಿದಷ್ಟನ್ನೇ ಕೊಟ್ಟು ಮಿಕ್ಕುದನ್ನು ಉಳಿಸಿಕೊಳ್ಳುವುದು ನ್ಯಾಸಾಪಹಾರ. ಇಲ್ಲಿ ಬೀಗ ಒಡೆದವರಿಲ್ಲ, ಕೇಳಿದವನಿಗೆ ಇಲ್ಲವೆಂದವರೂ ಇಲ್ಲ. ಮಾಡಿದ ತಪ್ಪು ಒಂದೇ: ಮರೆತವನ ಮರೆವನ್ನು ಲಾಭಕ್ಕೆ ತಿರುಗಿಸಿಕೊಂಡದ್ದು. ಮೃತನಾದರೋ ಮರೆತವನಿಗಿಂತಲೂ ಅಸಹಾಯಕ. ಅವನು ಕಡಿಮೆಯನ್ನಾದರೂ ಕೇಳಲು ಬರುವವನಲ್ಲ. ಆದುದರಿಂದ ಅವನು ಬಿಟ್ಟುಹೋದ ನ್ಯಾಸದ ಲೆಕ್ಕವನ್ನು ಇಟ್ಟುಕೊಂಡವನೇ, ಕೇಳುವವರಿಲ್ಲದಿದ್ದರೂ, ಪೂರ್ತಿಯಾಗಿ ಒಪ್ಪಿಸಬೇಕಾಗುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಡೆನ್ಸ್‌ಮೋರ್‌ರ ನಡತೆಯ ಬೆಲೆ ತಿಳಿಯುತ್ತದೆ. ಡೋರ್ಸ್ ಹಾಡೊಂದನ್ನು ಕಾರಿನ ಜಾಹೀರಾತಿಗೆ ಬಳಸಲು ಕ್ಯಾಡಿಲಾಕ್ ಕಂಪನಿ 1.5 ಕೋಟಿ ಡಾಲರ್ ಕೊಡಲು ಮುಂದೆ ಬಂದಿತ್ತೆಂದೂ ಅವರು ನಿರಾಕರಿಸಿದರೆಂದೂ ಪ್ರಕಟವಾಗಿದೆ. ನಿರಾಕರಣೆಯಿಂದ ಅವರು ಕಳೆದುಕೊಂಡದ್ದು ಪರರ ಪಾಲನ್ನಷ್ಟೇ ಅಲ್ಲ, ತಮ್ಮ ಪಾಲನ್ನೂ ಹೌದು. 1968ರಲ್ಲಿ ಗೆಳೆಯನು ಹೇಳಿದ 'ಬೇಡ' ಎಂಬ ಮಾತನ್ನು, ಆಗ ತಾವೇ ಅದಕ್ಕೆ ಎದುರಾಗಿ ನಿಂತಿದ್ದರೂ, ಅವರು ಮೂವತ್ತು ವರ್ಷಗಳ ಮೇಲೆ ನ್ಯಾಸದಂತೆ ಕಾಯ್ದರು.

ಆದರೆ ಇದಕ್ಕೆ ಪ್ರತಿಪಕ್ಷವಿಲ್ಲದಿಲ್ಲ. 1971 ಮತ್ತು 1972ರಲ್ಲಿ ಡೆನ್ಸ್‌ಮೋರ್ ಸಹ ಗಾಯಕನಿಲ್ಲದೆಯೇ ಅದೇ ಹೆಸರಿನಲ್ಲಿ ನುಡಿಸಲಿಲ್ಲವೇ? ಸತ್ತವನೊಬ್ಬನು ಬದುಕಿರುವ ಮೂವರ ಕೈಗಳನ್ನು ಎಂದೆಂದಿಗೂ ಕಟ್ಟಿಹಾಕಬಹುದೇ? ಹೆಸರನ್ನು ಬಿಡದೆ ಹಿಡಿಯುವುದು ಪರಿಗ್ರಹವಾದರೆ, ಹೆಸರನ್ನು ಯಾರೂ ಮುಟ್ಟಬಾರದೆಂದು ಹಿಡಿಯುವುದೂ ಒಂದು ಬಗೆಯ ಪರಿಗ್ರಹವಲ್ಲವೇ? ಅನೇಕಾಂತವನ್ನು ಒಪ್ಪಿದವರು ಈ ಪ್ರಶ್ನೆಗಳನ್ನು ತಳ್ಳಿಹಾಕಲಾರರು. 1971ರಲ್ಲಿ ಬದುಕಿದ್ದ ಮೂವರಿಗೂ ಸಮ್ಮತಿಯಿತ್ತು. ಹಾಡುತ್ತಿರುವವರು ಯಾರೆಂಬುದು ಕೊಳ್ಳುವವರಿಗೆ ತಿಳಿದಿತ್ತು. 2002ರಲ್ಲಿ ಮೊದಲನೆಯದೇ ಇರಲಿಲ್ಲ. ಎಂದಮೇಲೆ ಮತ್ತೆ ಕೂಡುವುದು ತನ್ನಷ್ಟಕ್ಕೆ ದೋಷವಲ್ಲ, ಕೂಡುವ ರೀತಿಯನ್ನು ಪರೀಕ್ಷಿಸಬೇಕು.

ಇದಕ್ಕೆ ಇಂಗ್ಲೆಂಡಿನ 'ಕ್ವೀನ್' ತಂಡವನ್ನು ನೋಡಬಹುದು. ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಪಾರ್ಸಿ ಮನೆತನದಲ್ಲಿ ಹುಟ್ಟಿ, ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದವನು. ಜನ್ಮನಾಮ ಫರೂಖ್ ಬಲ್ಸಾರಾ. ಏಡ್ಸ್ ರೋಗದಿಂದ 1991ರ ನವೆಂಬರ್ 24ರಂದು ತೀರಿಕೊಂಡನು. ಕೊನೆಯ ತಿಂಗಳುಗಳಲ್ಲಿ ಶಕ್ತಿಯಿದ್ದಷ್ಟು ಹಾಡಿ ಮುದ್ರಿಸಿ, ಉಳಿದುದನ್ನು ನೀವು ಪೂರ್ಣಗೊಳಿಸಿರೆಂದು ಜೊತೆಗಾರರಿಗೆ ಒಪ್ಪಿಸಿದ್ದನು; ಅದು 1995ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದಿತು. ಇದು ಕೊಡದುದನ್ನು ತೆಗೆದುಕೊಂಡದ್ದಲ್ಲ, ಕೊಟ್ಟುದನ್ನು ನೆರವೇರಿಸಿದ್ದು. ಮುಂದೆ 2005ರಿಂದ ಪಾಲ್ ರಾಜರ್ಸ್ ಜೊತೆಗೂ, 2012ರಿಂದ ಆಡಂ ಲ್ಯಾಂಬರ್ಟ್ ಜೊತೆಗೂ ಕಛೇರಿಗಳನ್ನು ನಡೆಸಿದಾಗ 'ಕ್ವೀನ್' ಎಂದಷ್ಟೇ ಹೇಳಿಕೊಳ್ಳದೆ, ಕೂಡುಚಿಹ್ನೆಯಿಟ್ಟು ಹೊಸ ಗಾಯಕನ ಹೆಸರನ್ನು ಬರೆದರು. ಚೀಟಿ ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಆ ಒಂದು ಚಿಹ್ನೆ ಹೇಳುತ್ತದೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬುದೊಂದು ಉಂಟು: ಒಳ್ಳೆಯ ಸರಕಿನ ಹೆಸರಿನಲ್ಲಿ ಅದನ್ನು ಹೋಲುವ ಬೇರೆ ಸರಕನ್ನು ಮಾರುವುದು. ತುಪ್ಪವನ್ನು ಹೋಲುವ ವಸ್ತುವನ್ನು ಅದರ ಹೆಸರಿನಲ್ಲಿಯೇ ಮಾರಿದರೆ ದೋಷವಿಲ್ಲ. ತುಪ್ಪವೆಂದು ಮಾರಿದರೆ ದೋಷ. ತಂಡಗಳ ವಿಷಯದಲ್ಲಿಯೂ ಅಳತೆಗೋಲು ಇದೇ. ಮ್ಯಾಂಚೆಸ್ಟರ್ ಪ್ರದೇಶದ 'ಜಾಯ್ ಡಿವಿಷನ್' ತಂಡದವರು, ತಮ್ಮಲ್ಲಿ ಒಬ್ಬನು ಬಿಟ್ಟರೂ ಆ ಹೆಸರನ್ನು ಬಳಸಬಾರದೆಂದು ಮೊದಲೇ ಮಾತಾಡಿಕೊಂಡಿದ್ದರು. 1980ರ ಮೇ ತಿಂಗಳಲ್ಲಿ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡಾಗ ಆ ಮಾತಿಗೆ ನಿಂತು 'ನ್ಯೂ ಆರ್ಡರ್' ಎಂಬ ಹೊಸ ಹೆಸರಿನಿಂದ ಮೊದಲಿನಿಂದ ಆರಂಭಿಸಿದರು, ದೊಡ್ಡ ಕೀರ್ತಿಯನ್ನೂ ಪಡೆದರು. ಅದೇ ವರ್ಷ ಫೆಬ್ರವರಿಯಲ್ಲಿ ಬಾನ್ ಸ್ಕಾಟ್‌ನನ್ನು ಕಳೆದುಕೊಂಡ 'ಎಸಿ/ಡಿಸಿ' ತಂಡ ಹೆಸರನ್ನು ಉಳಿಸಿಕೊಂಡು, ಬ್ರಯನ್ ಜಾನ್ಸನ್‌ನನ್ನು ಸೇರಿಸಿಕೊಂಡು, ಜುಲೈಯಲ್ಲಿಯೇ ಹೊಸ ಧ್ವನಿಮುದ್ರಿಕೆಯನ್ನು ತಂದಿತು. ಶೋಕಸೂಚಕವಾಗಿ ಅದರ ಹೊದಿಕೆಯನ್ನು ಕಪ್ಪಾಗಿಸಿದರು. ಹಾಡುಗಾರ ಬದಲಾದುದನ್ನು ಮುಚ್ಚಿಡಲಿಲ್ಲ. ಹಾದಿಗಳು ಎರಡು. ಎರಡರಲ್ಲಿಯೂ ಕೊಳ್ಳುವವನಿಗೆ ಮೋಸವಾಗಲಿಲ್ಲ.

ಇನ್ನು ಕೇಳುಗರ ಮಾತು. 'ಲಿಂಕಿನ್ ಪಾರ್ಕ್' ತಂಡದ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ 2017ರಲ್ಲಿ ತೀರಿಕೊಂಡನು. 2024ರಲ್ಲಿ ತಂಡವು ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯೊಡನೆ ಅದೇ ಹೆಸರಿನಲ್ಲಿ ಮತ್ತೆ ಕೂಡಿದಾಗ ಕೆಲವರು ಹರ್ಷಿಸಿದರು, ಕೆಲವರು ನೊಂದರು. ನೊಂದು ಬಹಿರಂಗವಾಗಿ ಆಕ್ಷೇಪಿಸಿದವರಲ್ಲಿ ಮೃತನ ಮಗನೊಬ್ಬನೂ ಇದ್ದನು. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿಸಿದ ದೃಷ್ಟಾಂತವನ್ನು ಕೊಡುತ್ತಾರೆ. ಕಲಶವನ್ನು ಬಯಸಿದವನಿಗೆ ಶೋಕ, ಕಿರೀಟವನ್ನು ಬಯಸಿದವನಿಗೆ ಹರ್ಷ, ಚಿನ್ನವನ್ನೇ ಬಯಸಿದವನಿಗೆ ಮಾಧ್ಯಸ್ಥ್ಯ. ಉತ್ಪಾದ, ವ್ಯಯ, ಧ್ರೌವ್ಯಗಳು ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇರುವುದರಿಂದ ಮೂವರ ಭಾವಕ್ಕೂ ಕಾರಣವುಂಟು. ಹಳೆಯ ಕಂಠವನ್ನು ಬಯಸಿದವನ ದುಃಖ ಸುಳ್ಳಲ್ಲ. ಅದನ್ನು ಗೇಲಿ ಮಾಡಬಾರದು. ಹೊಸ ಕಂಠವನ್ನು ಮೆಚ್ಚಿದವನು ಮೃತದ್ರೋಹಿಯೂ ಅಲ್ಲ. ಆದರೆ ಕಲಶ ಇನ್ನೂ ಇದೆಯೆಂದು ನಟಿಸಿ ಹಣ ಪಡೆಯುವ ಅಕ್ಕಸಾಲಿಗನಿಗೆ ಈ ದೃಷ್ಟಾಂತದಲ್ಲಿ ಸ್ಥಳವಿಲ್ಲ. ಮಗನು ನೊಂದಿರುವಲ್ಲಿ ಕಾನೂನಿನ ಹಕ್ಕು ಎಷ್ಟೇ ಇದ್ದರೂ, ಅವನನ್ನು ಕಂಡು ಮಾತನಾಡಿಸುವುದು ಸಹಚರರ ಮೇಲಿರುವ ಋಣ.

ಮೃತನು ಅರ್ಧದಲ್ಲಿ ಬಿಟ್ಟುದನ್ನು ಮುಂದುವರಿಸುವ ಕ್ರಮ ಜೈನ ಪರಂಪರೆಗೆ ಅಪರಿಚಿತವಲ್ಲ. ವೀರಸೇನಾಚಾರ್ಯರು ಜಯಧವಳಾ ಟೀಕೆಯ ಇಪ್ಪತ್ತು ಸಾವಿರ ಶ್ಲೋಕಪ್ರಮಾಣವನ್ನು ರಚಿಸಿ ಸ್ವರ್ಗಸ್ಥರಾದರು. ಶಿಷ್ಯರಾದ ಜಿನಸೇನರು ಇನ್ನು ನಲವತ್ತು ಸಾವಿರವನ್ನು ಸೇರಿಸಿ ಕ್ರಿ.ಶ. 837ರಲ್ಲಿ ಮುಗಿಸಿದರು. ಆ ಜಿನಸೇನರೂ ಆದಿಪುರಾಣದ 42 ಪರ್ವಗಳನ್ನು ಮುಗಿಸಿ ಮುಂದಿನ ಪರ್ವದ ಆರಂಭದಲ್ಲಿಯೇ ಅಗಲಿದಾಗ, ಅವರ ಶಿಷ್ಯ ಗುಣಭದ್ರರು ಅದನ್ನು ಪೂರ್ಣಗೊಳಿಸಿ ಉತ್ತರಪುರಾಣವನ್ನೂ ರಚಿಸಿದರು. ಗುರುವಿನ ಮಾತು ಎಲ್ಲಿ ನಿಂತಿತು, ಶಿಷ್ಯನ ಮಾತು ಎಲ್ಲಿ ತೊಡಗಿತು ಎಂಬುದು ಇಂದಿನ ಓದುಗನಿಗೂ ಗೊತ್ತು. ಗುಣಭದ್ರರು ತಮ್ಮ ರಚನೆಯನ್ನು ಗುರುವಿನದೆಂದು ಸಾಗಿಸಲಿಲ್ಲ, ಗುರುವಿನದನ್ನು ತಮ್ಮದೆಂದೂ ಹೇಳಿಕೊಳ್ಳಲಿಲ್ಲ. ಗಡಿಗೆರೆ ಅಳಿಸದೆ ಉಳಿದುದರಿಂದಲೇ ಇಬ್ಬರಿಗೂ ಸಲ್ಲಬೇಕಾದ ಗೌರವ ಸಲ್ಲುತ್ತಿದೆ.

ಆದುದರಿಂದ ಗಾಯಕನನ್ನು ಕಳೆದುಕೊಂಡ ತಂಡ ಮತ್ತೆ ಕೂಡಬಹುದು, ಹಾಡಬಹುದು. ಆದರೆ ಹೆಸರನ್ನು ಎತ್ತಿಕೊಳ್ಳುವ ಮುನ್ನ ಮೂರು ಲೆಕ್ಕಗಳು ತೀರಿರಬೇಕು. ಬದುಕಿರುವ ಪಾಲುದಾರರೆಲ್ಲರ ಮತ್ತು ಮೃತನ ವಾರಸುದಾರರ ಸಮ್ಮತಿ ಒಂದು. ಮೃತನು ಬದುಕಿದ್ದಾಗ ತಿಳಿಸಿದ ಇಚ್ಛೆ, ಅದರಿಂದ ನಷ್ಟವಾದರೂ ಸರಿಯೇ, ಮನ್ನಿಸಲ್ಪಡುವುದು ಎರಡು. ಕೊಳ್ಳುವವನಿಗೆ ಮರೆಮಾಚದೆ ನಿಜವನ್ನು ಹೇಳುವುದು ಮೂರು. ಈ ಮೂರರಲ್ಲಿ ಒಂದು ತಪ್ಪಿದರೂ ಬೇರೆ ಹೆಸರನ್ನು ಇಟ್ಟುಕೊಳ್ಳುವುದೇ ಲೇಸು. ಕಲೆಗೆ ಅದರಿಂದ ಕುಂದಿಲ್ಲವೆಂಬುದನ್ನು ನ್ಯೂ ಆರ್ಡರ್ ತೋರಿಸಿಕೊಟ್ಟಿದೆ.

ಮಂಜರೆಕ್ 2013ರಲ್ಲಿ ತೀರಿಕೊಂಡರು. 2016ರಲ್ಲಿ ಅವರ ಸ್ಮರಣೆಗಾಗಿ ಲಾಸ್ ಏಂಜಲಿಸ್‌ನಲ್ಲಿ ನಡೆದ ಕಛೇರಿಯಲ್ಲಿ ಕ್ರೀಗರ್ ಮತ್ತು ಡೆನ್ಸ್‌ಮೋರ್ ಒಂದೇ ವೇದಿಕೆಯಲ್ಲಿ ನುಡಿಸಿದರು. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಎದುರುಬದುರಾಗಿ ನಿಂತವರು ಕ್ಷಮಾಭಾವದಿಂದ ಕೂಡಿದ್ದು ಹೆಸರಿನ ಹಕ್ಕು ಇತ್ಯರ್ಥವಾದ ಮೇಲೆ. ಪಾಲುದಾರನನ್ನು ಕಳೆದುಕೊಂಡ ಪ್ರತಿ ಮನೆಯೂ, ಪ್ರತಿ ಅಂಗಡಿಯೂ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಗಲಿದವನ ಖಾತೆಯ ಪುಟವನ್ನು ಹರಿಯದೆ, ಅವನ ಶಿಲ್ಕನ್ನು ತೀರಿಸಿ ಸಹಿಹಾಕಿದ ಬಳಿಕವೇ ಹೊಸ ಪುಟವನ್ನು ತೆರೆಯುವುದು ಶ್ರಾವಕನಿಗೆ ಒಪ್ಪುವ ಕ್ರಮ.