ನಮ್ಮ ಹಾರ್ನು, ಅವರ ನಿದ್ದೆ



ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ "ಬೇಸರವಾದರೆ ಹಸಿರಿನ ನಡುವೆ ನಡೆದು ಬನ್ನಿ" ಎನ್ನುವುದು ಮೀನಿಗೆ ಈಜು ಕಲಿಸಿದಂತೆ. 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಸೀಮೆ ಇದು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದದ್ದೂ ಇಲ್ಲಿಯೇ. ಆದರೂ ನಿದ್ದೆ ಬಾರದವರು, ರಕ್ತದೊತ್ತಡದ ಗುಳಿಗೆ ನುಂಗುವವರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ.

ಹಸಿರು ಗುಣಪಡಿಸುತ್ತದೆಂಬುದು ಬರೀ ಕವಿಗಳ ಮಾತಲ್ಲ. ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ನೋಡಿದರು. ಕಿಟಕಿಯಿಂದ ಮರ ಕಂಡ 23 ಜನ, ಇಟ್ಟಿಗೆ ಗೋಡೆ ಕಂಡ 23 ಜನರಿಗಿಂತ ಬೇಗ ಮನೆಗೆ ಹೋಗಿದ್ದರು. 2010ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು 40 ಜನರಿಗೆ ಕಷ್ಟದ ಲೆಕ್ಕ ಮಾಡಿಸಿ, ಬಳಿಕ ಬೇರೆ ಬೇರೆ ಸದ್ದು ಕೇಳಿಸಿದರು. ಕಾರಂಜಿ, ಹಕ್ಕಿಗಳ ದನಿ ಕೇಳುವಾಗ ಮೈ ಬೇಗ ತಣಿಯಿತು. ವಾಹನಗಳ ಸದ್ದಿಗೆ ತಡವಾಯಿತು. ಚರ್ಮದ ಬೆವರಿನಿಂದ ಅಳೆದ ಸಣ್ಣ ಪ್ರಯೋಗ, ಒಪ್ಪೋಣ. ಆದರೆ ಮಲಗಿದವನು ಎಚ್ಚರಗೊಳ್ಳದಿದ್ದರೂ ಲಾರಿಯ ಸದ್ದಿಗೆ ಅವನ ಎದೆಬಡಿತ ಏರುತ್ತದೆಂಬುದು ವೈದ್ಯರಿಗೆ ಗೊತ್ತಿರುವ ವಿಷಯ.

ನನ್ನನ್ನು ಕಾಡುವ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಹಸಿರು ಬೆಳೆಯುವಂಥದು, ಸದ್ದು ಯಾರೋ ಒಬ್ಬರು ಮಾಡುವಂಥದು. ಯಲ್ಲಾಪುರದ ಹೆದ್ದಾರಿ ಬದಿಯ ಮನೆಗಳನ್ನು ನೆನೆಯಿರಿ. 2010ರಲ್ಲಿ ಸರಕಾರ ಅದಿರು ರಫ್ತು ನಿಷೇಧಿಸುವವರೆಗೆ ಬೇಲೇಕೇರಿ ಬಂದರಿಗೆ ಹೋಗುವ ಲಾರಿಗಳು ಹಗಲಿರುಳು ಅರಬೈಲು ಘಟ್ಟ ಇಳಿದವು. ಲಾಭ ಎಲ್ಲಿಗೋ ಹೋಯಿತು, ನಿದ್ದೆಗೆಟ್ಟವರು ಮಾತ್ರ ಇಲ್ಲಿಯವರು. ಇಂದು ಮಾಗೋಡಿಗೋ ಉಂಚಳ್ಳಿಗೋ ಶಾಂತಿ ಹುಡುಕಿ ಹೊರಟ ನಾವು ದಾರಿಯುದ್ದಕ್ಕೂ ಹಾರ್ನ್ ಹಾಕುತ್ತೇವೆ. ನಮ್ಮ ನೆಮ್ಮದಿಯ ಬೆಲೆಯನ್ನು ರಸ್ತೆ ಬದಿಯ ಬಾಣಂತಿ ಏಕೆ ತೆರಬೇಕು? (ನಮ್ಮ ಚರ್ಚಿನ ಹಬ್ಬದ ಧ್ವನಿವರ್ಧಕವನ್ನೂ ಈ ಲೆಕ್ಕದಿಂದ ಬಿಡುವಂತಿಲ್ಲ.) ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತುರ್ತಿಲ್ಲದೆ ಹಾರ್ನ್ ಹಾಕಬಾರದೆಂದು 2010ರಿಂದಲೇ ನಿಯಮವಿದೆ. ಪೊಲೀಸರ ಭಯಕ್ಕೆ ಪಾಲಿಸುವುದು ಬೇರೆ, ನೆರೆಯವನ ಮೈ ನೆನೆದು ಪಾಲಿಸುವುದು ಬೇರೆ. ಜಗದ್ಗುರು ಫ್ರಾನ್ಸಿಸ್‌ರು 2015ರ 'ಲೌದಾತೊ ಸಿ' ವಿಶ್ವಪತ್ರದ 44ನೇ ಪರಿಚ್ಛೇದದಲ್ಲಿ ನಗರಗಳ ಗದ್ದಲವನ್ನೂ ಮಾಲಿನ್ಯದ ಸಾಲಿಗೆ ಸೇರಿಸಿದ್ದಾರೆ. ಅದು ಬೆಂಗಳೂರಿನವರಿಗೆ ಬರೆದದ್ದು ಎಂದು ನಾವು ಜಾರಿಕೊಳ್ಳಬಾರದು.

ಇನ್ನು ನಡಿಗೆಯ ಮಾತು. ಸೊಪ್ಪಿನ ಹೊರೆ ಹೊತ್ತು ಬರುವ ಹೆಂಗಸಿಗೆ ಬೆಟ್ಟದ ದಾರಿ ವಿಹಾರವಲ್ಲ, ದುಡಿಮೆ. ಮರಗಳ ನಡುವೆಯೇ ಬದುಕಿದರೂ ಅವಳಿಗೆ ಅವನ್ನು ತಲೆಯೆತ್ತಿ ನೋಡುವ ಪುರುಸೊತ್ತಿಲ್ಲ. ಭಾನುವಾರದ ಪೂಜೆ ಮುಗಿದ ಮೇಲೆ ಬೈಕು ನಿಲ್ಲಿಸಿ, ಮೊಬೈಲು ಮನೆಯಲ್ಲಿಟ್ಟು, ಹೊರೆಯಿಲ್ಲದ ಅವಳೊಡನೆ ಒಂದು ಮೈಲಿ ನಡೆಯಿರಿ. ಊಟ ಅರ್ಧ ಗಂಟೆ ತಡವಾದೀತು.