ಒಂದೇ ಕೊಡ ನೀರಿಗೆ ಕಹಿ ಹೋಗದು



ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್ ಮರಗಳು ಹೇರಳ. ಶರತ್ಕಾಲದಲ್ಲಿ ಅವುಗಳ ಬೀಜಗಳು ನೆಲದ ತುಂಬ ಉದುರುತ್ತವೆ. ಅಡಿಕೆಯಷ್ಟು ಗಾತ್ರದ ಈ ಬೀಜವನ್ನು ಹಾಗೆಯೇ ಕಚ್ಚಿದರೆ ಬಾಯೆಲ್ಲ ಕಹಿ, ಒಗರು. ಅದರಲ್ಲಿರುವ ಟ್ಯಾನಿನ್ ಇದಕ್ಕೆ ಕಾರಣ. ಹೆಚ್ಚು ತಿಂದರೆ ಹೊಟ್ಟೆಗೂ ಕೇಡು. ಆದರೂ ಅಲ್ಲಿನ ಮೂಲನಿವಾಸಿಗಳಾದ ಮಿವೋಕ್, ಯೋಕಟ್ಸ್ ಮುಂತಾದ ಜನರಿಗೆ ತಲೆತಲಾಂತರದಿಂದ ಇದೇ ಮುಖ್ಯ ಆಹಾರವಾಗಿತ್ತು.

ಹೇಗೆ? ಹುಳು ಕೊರೆದವನ್ನು ಬೇರ್ಪಡಿಸಿ, ಒಳ್ಳೆಯ ಬೀಜಗಳನ್ನು ಒಣಗಿಸಿ ಕಣಜದಲ್ಲಿಡುತ್ತಿದ್ದರು. ಸಿಪ್ಪೆ ಸುಲಿದು ಬಂಡೆಯ ಕುಳಿಗಳಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಚಾವ್ಸೆ ಎಂಬಲ್ಲಿ ಒಂದೇ ಬಂಡೆಯ ಮೇಲೆ ಇಂಥ 1,185 ಕುಳಿಗಳಿವೆ. ಆಮೇಲೆ ಮರಳಿನಲ್ಲಿ ತಗ್ಗು ಮಾಡಿ, ಹಿಟ್ಟನ್ನು ಹರಡಿ, ಅದು ಕದಡದಂತೆ ಸೊಪ್ಪಿನ ಕೊಂಬೆಯ ಮೇಲಿನಿಂದ ಮೆಲ್ಲಗೆ ನೀರು ಹೊಯ್ಯುತ್ತಿದ್ದರು. ನೀರು ಇಂಗಿದ ಮೇಲೆ ಮತ್ತೆ ನೀರು. ರುಚಿ ನೋಡಿ ಮತ್ತೆ ನೀರು. ಕಹಿ ಪೂರ್ತಿ ಹೋದ ಮೇಲೆಯೇ, ಒತ್ತಾಗಿ ಹೆಣೆದ ಬುಟ್ಟಿಯಲ್ಲಿ ಕಾದ ಕಲ್ಲುಗಳನ್ನು ಹಾಕಿ ಅಂಬಲಿ ಬೇಯಿಸುತ್ತಿದ್ದರು. ಇಂದಿಗೂ ಕೆಲವು ಕುಟುಂಬಗಳು ಇದನ್ನು ಮಾಡುತ್ತವೆ.

1769ರಲ್ಲಿ ಫ್ರಾನ್ಸಿಸ್ಕನ್ ಯಾಜಕ ಜುನಿಪೆರೊ ಸೆರಾ ಅವರು ಸ್ಯಾನ್ ಡಿಯೇಗೊದಲ್ಲಿ ಆ ನಾಡಿನ ಮೊದಲ ಮಿಷನ್ ಸ್ಥಾಪಿಸಿದರು. ಶುಭಸಂದೇಶ ಅಲ್ಲಿಗೆ ತಲುಪಿತು. ಆದರೆ ಆ ಮಿಷನ್‌ಗಳಲ್ಲಿ ದೀಕ್ಷಾಸ್ನಾನ ಪಡೆದವರು ಅಪ್ಪಣೆಯಿಲ್ಲದೆ ಹೊರಟುಹೋಗುವಂತಿರಲಿಲ್ಲ. ಓಡಿಹೋದವರನ್ನು ಹಿಡಿತಂದು ದಂಡಿಸಿದ್ದೂ ಉಂಟು. ಹೊಸ ರೋಗಗಳಿಗೆ ಸಾವಿರಾರು ಜನ ಬಲಿಯಾದರು. 2015ರ ಜುಲೈನಲ್ಲಿ ಪೋಪ್ ಫ್ರಾನ್ಸಿಸರು ಬೊಲಿವಿಯಾದಲ್ಲಿ, ಅಮೆರಿಕ ಖಂಡದ ಮೂಲನಿವಾಸಿಗಳ ವಿರುದ್ಧ ಧರ್ಮಸಭೆಯಿಂದಾದ ಪಾಪಗಳಿಗಾಗಿ ಕ್ಷಮೆ ಬೇಡಿದರು. ಅದೇ ಸೆಪ್ಟೆಂಬರಿನಲ್ಲಿ ಸೆರಾ ಅವರನ್ನು ಸಂತರೆಂದು ಘೋಷಿಸಿದಾಗ ಮೂಲನಿವಾಸಿಗಳಲ್ಲಿ ಹಲವರು ನೊಂದು ಪ್ರತಿಭಟಿಸಿದರು. "ಕ್ಷಮೆ ಕೇಳಿಯಾಯಿತಲ್ಲ, ಇನ್ನೂ ಏಕೆ ಸಿಟ್ಟು?" ಎಂದು ನಾವು ಕೇಳಬಹುದೇ?

ಪ್ರಿಯರೇ, ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ. ಆಸ್ತಿ ಪಾಲಿನಲ್ಲಿ ತಮ್ಮನಿಗೆ ಮೋಸ ಮಾಡಿದ ಅಣ್ಣ, ಹತ್ತು ಜನರೆದುರು ಸೊಸೆಯನ್ನು ಹೀಯಾಳಿಸಿದ ಅತ್ತೆ, ಕುಡಿದು ಹೆಂಡತಿಗೆ ಹೊಡೆದ ಗಂಡ – ಒಂದು ಸಲ "ತಪ್ಪಾಯಿತು" ಎಂದು, ಮರುದಿನವೇ ನಗುಮುಖ ಬಯಸುತ್ತಾರೆ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳಿದಾಗ ಯೇಸುಸ್ವಾಮಿ ಲೆಕ್ಕವನ್ನೇ ಅಳಿಸಿಹಾಕಿದರು. ನೊಂದವರಿಗೇ ಲೆಕ್ಕವಿಲ್ಲವೆಂದ ಮೇಲೆ ನೋಯಿಸಿದವರಿಗೆ ಲೆಕ್ಕ ಎಲ್ಲಿಯದು?

ಕ್ಷಮೆ ಕೇಳುವುದು ಒಂದು ಕೊಡ ನೀರು. ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದು ಇನ್ನೊಂದು ಕೊಡ. ಕುಡಿತ ಬಿಡುವುದು, ನಾಲಿಗೆಗೆ ಕಡಿವಾಣ ಹಾಕುವುದು ಮತ್ತೊಂದು. ರಭಸದಿಂದ ಸುರಿದರೆ ಹಿಟ್ಟೇ ಕದಡೀತು, ಮೆಲ್ಲಗೆ ಹೊಯ್ಯಬೇಕು. ಕಹಿ ಹೋಯಿತೆಂದು ಹೇಳಬೇಕಾದದ್ದು ನಾಲಿಗೆ, ಕೊಡವಲ್ಲ.

ಮುಂದಿನ ಭಾನುವಾರ ಕಾಣಿಕೆಯೊಡನೆ ಬಲಿಪೀಠದ ಮುಂದೆ ನಿಲ್ಲುವ ಮುನ್ನ, ನಿಮ್ಮಿಂದ ನೊಂದವರ ಬಳಿಗೆ ಇನ್ನೊಮ್ಮೆ ಹೋಗಿಬನ್ನಿ.