ಕಟ್ಟುವ ಕೈಯ ಪಾಠ

ಮಕ್ಕಳು ಯುದ್ಧವನ್ನು ಆಟವಾಗಿ ಆಡುವುದು ತಪ್ಪೇ? ಮುಖ್ಯೋಪಾಧ್ಯಾಯರಾಗಿದ್ದಾಗ ನಾವು ತಪ್ಪೆಂದೇ ಭಾವಿಸಿ, ಹುಡುಗರು ರಟ್ಟಿನಲ್ಲಿ ಕಟ್ಟಿದ ಕೋಟೆಯೊಂದನ್ನು ಕೆಡವಿಸಿದ್ದುಂಟು.

ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ಆಟಿಕೆ ಸೈನಿಕರ ಕಾಳಗಕ್ಕೆ ನಿಯಮಗಳನ್ನು ರೂಪಿಸಿದರು. ರಟ್ಟಿನ ಮನೆಗಳು, ತೋಟದ ಕಡ್ಡಿಗಳ ಕಾಡು, ಸೀಮೆಸುಣ್ಣದ ನದಿ: ಅಲ್ಪ ಖರ್ಚಿನಲ್ಲಿ ನೆಲದ ಮೇಲೊಂದು ನಾಡು ಮೂಡುತ್ತಿತ್ತು. ಈ ಆಟವಾಡಿದವರಿಗೆ ನಿಜವಾದ ಯುದ್ಧದ ಅವಿವೇಕ ತಿಳಿಯುವುದೆಂದು ಅವರು ನಂಬಿದ್ದರು. ಮರುವರ್ಷವೇ ಮಹಾಯುದ್ಧ ಆರಂಭವಾಯಿತು.

ಆಟವು ಯುದ್ಧವನ್ನು ತಡೆಯದು, ನಿಜ. ಆದರೂ ರಟ್ಟು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದ ಮಗುವಿಗೆ ಒಂದು ಮನೆಯನ್ನು ಕಟ್ಟಲು ದಿನಗಳು ಬೇಕು, ಕೆಡವಲು ಕ್ಷಣ ಸಾಕು ಎಂಬುದು ಕೈಯಿಂದಲೇ ತಿಳಿದಿರುತ್ತದೆ. ಅಂದು ಕೋಟೆಯೊಡನೆ ನಾವು ಕೆಡವಿದ್ದು ಆ ಪಾಠವನ್ನೇ.